ರಿಪೇರಿಗೆ ಕೊಟ್ಟು ಎಂಟು ತಿಂಗಳ ವಿಡಿಯೊ ಕಳೆದುಕೊಂಡೆ

ಮಗಳು ಹುಟ್ಟುವ ಮುಂಚೆ, 2006ರಲ್ಲಿ, ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನಲ್ಲಿ ಈ ಮಿನಿ ಡಿವಿ (ಪುಟ್ಟ ಕ್ಯಾಸೆಟ್ಟಿನ ಟೇಪಿಗೆ ವಿಡಿಯೊ ಬರೆಯುವ) ಕ್ಯಾಮೆರಾ ತಗೊಂಡೆ. ಚಿತ್ರ, ಧ್ವನಿ ಎರಡೂ ಚೆನ್ನ. ಲೆನ್ಸ್ ಬಗ್ಗೆ ಇವತ್ತಿಗೂ ನನ್ನ ತಕರಾರಿಲ್ಲ. ತೊಂದರೆಯೆಲ್ಲ ಕ್ಯಾಸೆಟ್ ಓಡುವ ಭಾಗದ್ದು.

ಎರಡನೇ ವರ್ಷಕ್ಕೇ ಚಿತ್ರ ಚೌಕ ಚೌಕವಾಗಿ ಒಡೆಯತೊಡಗಿತು. ಟೇಪಿನ ಮೇಲೆ ಬರೆಯುವ, ಓದುವ ಭಾಗವಾದ ಹೆಡ್ ಕ್ಲೀನ್ ಮಾಡಿಕೊಟ್ಟರು. ತಿಂಗಳಿಗೆ ಮತ್ತೆ ಅದೇ, ಮತ್ತೆ ಕ್ಲೀನ್. ಆಮೇಲೆ ಗದಗಿನಲ್ಲಿ ತಮ್ಮನ ಮದುವೆ. ಅಕ್ಕಿಕಾಳು ಹಾಕುವ ಹೊತ್ತಿಗೇ ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತು. ಬಾಗಿಲು ತೆರೆದರೆ ಟೇಪು ಹೆಡ್ಡಿಗೆ ಸುತ್ತಿ, ಮುದುಡಿ ಕೂತಿತ್ತು.

ಸರ್ವಿಸ್ ಸೆಂಟರಿನವರು ಮೂರು ವಾರ ಇಟ್ಟುಕೊಂಡರು. ಬಿಲ್ಲಿನಲ್ಲಿ ‘ಮೆಕ್ಯಾನಿಸಂ ರಿಪೇರಿ’ ಅಂತ ಒಂದೇ ಸಾಲು. ಹಳೇ ಪಾರ್ಟ್ ಕೇಳಿದರೂ ಕೊಡಲಿಲ್ಲ. ಹೊಸದಾಗಿ ತೆಗೆದದ್ದೆಲ್ಲ ಚೆನ್ನಾಗಿ ಕಾಣುತ್ತಿತ್ತು, ಅದಕ್ಕೇ ಸುಮ್ಮನಿದ್ದೆ. ಎಂಟು ತಿಂಗಳಾದ ಮೇಲೆ ಮಗಳ ತೊಟ್ಟಿಲ ಕಾರ್ಯದ ಹಳೇ ಟೇಪು ಹಾಕಿದರೆ ಬರೀ ಚೌಕಗಳು. ‘ಟೇಪ್ ಹಳೇದಾಗೇತ್ರಿ ಸರ, ಅದಕ್ಕ ಹಂಗ’ ಅಂದರು ಸೆಂಟರಿನವರು. ನಾನೂ ನಂಬಿದೆ.

ನಿಜ ತಿಳಿದದ್ದು ಧಾರವಾಡದ ಒಬ್ಬ ಹಿರಿಯ ಮೆಕ್ಯಾನಿಕ್ ಬಿಚ್ಚಿ ನೋಡಿದಾಗ. ಈ ಟೇಪಿನ ಅಗಲ ಬರೀ 6.35 ಮಿ.ಮೀ. ಅದರ ಮೇಲೆ ಹೆಡ್ ಓರೆಯಾಗಿ ಬರೆಯುವ ಒಂದೊಂದು ಗೆರೆಯ ಅಗಲ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಟೇಪು ಸಾಗಿಸುವ ಗೈಡ್ ಸ್ವಲ್ಪ ಏರುಪೇರಾದರೂ ಹೆಡ್ಡಿಗೆ ಆ ಗೆರೆ ಸಿಗುವುದಿಲ್ಲ. ರಿಪೇರಿಯಲ್ಲಿ ಗೈಡನ್ನು ತಪ್ಪಾಗಿ ಕೂರಿಸಿದ್ದರು. ಕ್ಯಾಮೆರಾ ಸೊಟ್ಟಗೆ ಬರೆದು, ತಾನು ಬರೆದದ್ದನ್ನು ತಾನೇ ಓದುತ್ತಿತ್ತು. ಬೇರೆ ಮಷೀನಿಗೆ ಅದು ತಿಳಿಯುತ್ತಲೇ ಇರಲಿಲ್ಲ. ರಿಪೇರಿ ಆದಮೇಲೆ ಒಂದು ಹಳೇ ಟೇಪು ಹಾಕಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಅಲ್ವಾ? ಐದು ನಿಮಿಷದ ಕೆಲಸ. ನನಗೆ ಜಾಸ್ತಿ ಸಿಟ್ಟು ಬರುವುದು ಅದಕ್ಕೇ. ನೀವು ರಿಪೇರಿಗೆ ಕೊಟ್ಟರೆ ವಾಪಸ್ ತರುವಾಗ ಹಳೇ ಟೇಪೊಂದನ್ನು ಒಯ್ದು, ಅಲ್ಲೇ ಹಾಕಿಸಿ ನೋಡಿ.

ಧಾರವಾಡದ ಆ ಮೆಕ್ಯಾನಿಕ್ ಗೈಡ್ ಸರಿ ಮಾಡಿದರು. ಹಳೇವೆಲ್ಲ ಓಡಿದವು. ನಡುವಿನ ಎಂಟು ತಿಂಗಳು ಸೊಟ್ಟಗೆ ಬರೆದ ಐದು ಟೇಪುಗಳ ಚಿತ್ರ ಮಾತ್ರ ಒಡೆಯಿತು. ಅದರಲ್ಲೇ ಮಗಳು ಮೊದಲ ಹೆಜ್ಜೆ ಇಟ್ಟದ್ದು, ಅವ್ವ ‘ಬಾರವ್ವಾ, ಬಾ’ ಅಂತ ಕೈ ಚಾಚಿ ಕರೆದದ್ದು ಇದೆ. ಅವ್ವ ಈಗಿಲ್ಲ.

ಗೈಡನ್ನು ಬೇಕಂತಲೇ ಆ ತಪ್ಪು ಜಾಗದ ಹತ್ತಿರ ತಿರುಗಿಸಿ, ಫೈರ್‌ವೈರ್ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಲು ಅವರೇ ಕೂತರು. ಅರವತ್ತು ನಿಮಿಷದ ಟೇಪಿಗೆ ಪೂರ್ತಿ ಅರವತ್ತು ನಿಮಿಷ ಬೇಕು, ಸುಮಾರು 13 ಜಿಬಿ ಜಾಗವೂ ಬೇಕು. ಎರಡು ಟೇಪು ಬಂದವು. ಅವ್ವನ ಟೇಪಿನಲ್ಲಿ ‘ಬಾರ’ ಅನ್ನುವಷ್ಟು ಕೇಳುತ್ತದೆ, ಮುಂದೆ ಕಡಿದುಹೋಗುತ್ತದೆ.