ಒತ್ತಕ್ಷರ ಬೀಳದ ಹೊಸ ಲ್ಯಾಪ್‌ಟಾಪ್, ನನ್ನ ಹಳೆಯ ಥಿಂಕ್‌ಪ್ಯಾಡ್

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಟೈಪ್ ಮಾಡುತ್ತಿರುವುದು ಥಿಂಕ್‌ಪ್ಯಾಡ್ ಟಿ480ರಲ್ಲಿ. 2018ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಐದು ತಿಂಗಳ ಹಿಂದೆ 42 ಸಾವಿರ ಕೊಟ್ಟು ತಂದ ಹೊಸ ಲ್ಯಾಪ್‌ಟಾಪ್ ಈಗ ಮಗಳ ಕೈಯಲ್ಲಿದೆ. ಅವಳಿಗೆ ತುಂಬಾ ಇಷ್ಟವಾಗಿದೆ. ನನಗೆ ಅದು ಆಗಿಬರಲಿಲ್ಲ.

ನನ್ನ ಕೆಲಸ ಡಿಟಿಪಿ. ತೀರ್ಥಹಳ್ಳಿಯ ಮನೆಯಲ್ಲೇ ಕೂತು ಲಗ್ನಪತ್ರಿಕೆ, ಸಂಘದ ವರದಿ, ಆಗೊಮ್ಮೆ ಈಗೊಮ್ಮೆ ಪುಸ್ತಕ ಟೈಪ್ ಮಾಡಿಕೊಡುತ್ತೇನೆ. ದಿನಕ್ಕೆ ಆರೇಳು ಗಂಟೆ ಬರೀ ಕನ್ನಡ, ಅದೂ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಆದ್ದರಿಂದ ನಾನು ಹೇಳುವುದೆಲ್ಲ ಟೈಪ್ ಮಾಡುವವಳ ಲೆಕ್ಕ. ಸಿನಿಮಾ ನೋಡುವವರ ಲೆಕ್ಕ ಬೇರೆ.

ಹೊಸದನ್ನು ತಂದ ವಾರದಲ್ಲೇ ತೊಂದರೆ ಶುರುವಾಯಿತು. ನುಡಿಯಲ್ಲಿ ಟೈಪ್ ಮಾಡುವವರಿಗೆ ಗೊತ್ತು, ಒತ್ತು ಕೊಡುವುದು ಎಫ್ ಕೀಯಿಂದ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಅದು ಎಡಗೈ ತೋರುಬೆರಳಿನ ಕೆಳಗೇ ಇದೆ. 'ಅಮ್ಮ ಅಕ್ಕನಿಗೆ ಬೆಲ್ಲ ಕೊಟ್ಟಳು' ಅನ್ನುವ ನಾಲ್ಕು ಪದಕ್ಕೆ ನಾಲ್ಕು ಸಲ ಎಫ್ ಬೇಕು. ಹೊಸ ಲ್ಯಾಪ್‌ಟಾಪ್‌ನಲ್ಲಿ ಇದೇ ಸಾಲು 'ಅಮಮ ಅಕ್ಕನಿಗೆ ಬೆಲಲ ಕೊಟ್ಟಳು' ಅಂತ ಬರುತ್ತಿತ್ತು. ಒಂದು ಸಲ ಒತ್ತು ಬೀಳುತ್ತದೆ, ಇನ್ನೊಂದು ಸಲ ಇಲ್ಲ.

ಮೊದಲು ನನ್ನ ಬೆರಳಿನದೇ ತಪ್ಪು ಅಂದುಕೊಂಡೆ. ಆಮೇಲೆ ಗಮನಿಸಿದೆ, 'ತ್ತ' ಇರುವ ಕಡೆ ತಪ್ಪು ಜಾಸ್ತಿ. ಮತ್ತು, ಹತ್ತು, ಕತ್ತಲೆ ಎಲ್ಲ ಕೆಡುತ್ತಿದ್ದವು. 'ತ್ತ' ಟೈಪ್ ಮಾಡಲು ಟಿ, ಎಫ್, ಟಿ ಒತ್ತಬೇಕು, ಮೂರೂ ಒಂದೇ ಬೆರಳಿನ ಕೆಲಸ. ಬೆರಳು ಮೇಲಿನ ಸಾಲಿಗೆ ಹೋಗಿ, ಇಳಿದು, ಮತ್ತೆ ಮೇಲೆ ಹಾರುತ್ತದೆ. ಈ ಅವಸರದಲ್ಲಿ ಅದು ಎಫ್‌ನ ನಡುವೆ ಬೀಳುವುದಿಲ್ಲ, ಮೇಲಿನ ಅಂಚಿಗೆ ತಾಗುತ್ತದೆ. ಅಂಚಿಗೆ ತಾಗಿದರೆ ಆ ಕೀ ಕೆಳಗೆ ಇಳಿಯುತ್ತದೆ, ಅಕ್ಷರ ಮಾತ್ರ ಮೂಡುವುದಿಲ್ಲ.

ಸರ್ವಿಸ್ ಸೆಂಟರ್‌ಗೆಂದು ಶಿವಮೊಗ್ಗಕ್ಕೆ ಹೋದೆ. ಅಲ್ಲಿನ ಹುಡುಗ ಎಫ್ ಕೀಯನ್ನು ಸರಿಯಾಗಿ ನಡುವೆ ಹತ್ತು ಸಲ ಒತ್ತಿದ. ಹತ್ತು ಸಲವೂ ಬಂತು. "ಮೇಡಂ, ಕೀಬೋರ್ಡ್ ಸರಿ ಇದೆ" ಅಂದ. ನಾನು ನುಡಿ ತೆರೆದು ತೋರಿಸಿದೆ. ಅವನಿಗೆ ಕನ್ನಡ ಟೈಪಿಂಗ್ ಗೊತ್ತಿಲ್ಲ, ತಪ್ಪು ಎಲ್ಲಿದೆ ಅಂತ ಕಾಣಲಿಲ್ಲ. ವಾರಂಟಿಯಲ್ಲಿ ಆಗುವುದಿಲ್ಲ, ದುಡ್ಡು ಕೊಟ್ಟು ಮಾಡಿಸುವುದಾದರೂ ಕೀಬೋರ್ಡ್ ಒಂದನ್ನೇ ಬದಲಾಯಿಸಲು ಬರುವುದಿಲ್ಲ, ಮೇಲಿನ ಪ್ಯಾನೆಲ್ ಪೂರ್ತಿ ಹಾಕಬೇಕು ಅಂದರು. 7,500 ರೂಪಾಯಿ. ತೆಳ್ಳಗಿನ ಲ್ಯಾಪ್‌ಟಾಪ್‌ಗಳು ಬಹಳಷ್ಟು ಹೀಗೇ, ಕೀಬೋರ್ಡನ್ನು ಆ ಪ್ಯಾನೆಲ್‌ಗೇ ಕೂಡಿಸಿಬಿಟ್ಟಿರುತ್ತಾರೆ.

ಹಾಗೇ ಸಂಭಾಳಿಸಿಕೊಂಡು ಹೋಗೋಣ ಅಂದುಕೊಂಡೆ. ಅಷ್ಟರಲ್ಲಿ ಒಂದು ಲಗ್ನಪತ್ರಿಕೆಯಲ್ಲಿ ಹುಡುಗಿಯ ತಾಯಿಯ ಹೆಸರು 'ರತ್ನ' ಹೋಗಿ 'ರತನ' ಆಯಿತು. 'ಅಮಮ' ಆದರೆ ಕಣ್ಣಿಗೆ ಹೊಡೆಯುತ್ತದೆ. 'ರತನ' ಕೂಡ ಹೆಸರೇ ಅಲ್ವಾ, ಕರಡು ನೋಡಿದ ಮನೆಯವರಿಗೂ ಹೊಳೆಯಲಿಲ್ಲ. ನಾನೂರು ಕಾರ್ಡ್ ಅಚ್ಚಾದ ಮೇಲೆ ಗೊತ್ತಾಯಿತು. ಮರುಮುದ್ರಣದ ಖರ್ಚು ನಾನೇ ಕೊಟ್ಟೆ. ಆ ತಾಯಿ ಏನೂ ಅನ್ನಲಿಲ್ಲ, ಕಾರ್ಡನ್ನು ಕೈಯಲ್ಲಿ ಹಿಡಿದು ಸುಮ್ನೆ ನೋಡಿದರು. ಅವತ್ತೇ ತೀರ್ಮಾನ ಮಾಡಿದೆ.

ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗ ಕಂಪ್ಯೂಟರ್ ಅಂಗಡಿಗಳಿರುವ ಎಸ್‌.ಪಿ. ರೋಡಿನಲ್ಲಿ ಹುಡುಕಿ ಈ ಟಿ480 ಕೊಡಿಸಿದ. 19 ಸಾವಿರ. ಎ, ಎಸ್ ಕೀಗಳು ಸವೆದು ಹೊಳೆಯುತ್ತವೆ, ಮುಚ್ಚಳದ ಮೇಲೆ ಯಾವುದೋ ಸ್ಟಿಕ್ಕರ್ ಕಿತ್ತ ಗುರುತಿದೆ. ಆದರೆ ಕೀ ಒತ್ತಿದರೆ 1.8 ಮಿ.ಮೀ.ನಷ್ಟು ಆಳಕ್ಕೆ ಇಳಿಯುತ್ತದೆ, ಒತ್ತಿದ್ದು ಬೆರಳಿಗೆ ತಿಳಿಯುತ್ತದೆ. ಅಂಚಿಗೆ ತಾಗಿದರೂ ಒತ್ತು ಬೀಳುತ್ತದೆ. ನಾಳೆ ಕೆಟ್ಟರೂ ಕೀಬೋರ್ಡ್ ಒಂದನ್ನೇ ಬಿಚ್ಚಿ ಬೇರೆ ಹಾಕಬಹುದು.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಕಥೆ ಗೊತ್ತೇ ಇದೆ. ಟಿ480ರಲ್ಲಿ ಎರಡು ಬ್ಯಾಟರಿ. ಒಂದು ಒಳಗೆ, ಒಂದು ಹಿಂದೆ. ಹಿಂದಿನದು ಖಾಲಿಯಾದರೆ ಕೆಲಸ ನಿಲ್ಲಿಸದೆ ಅದನ್ನು ತೆಗೆದು ಇನ್ನೊಂದು ಸಿಕ್ಕಿಸಬಹುದು, ಅಷ್ಟು ಹೊತ್ತು ಒಳಗಿನದು ನಡೆಸುತ್ತದೆ. ನಾನು 72 ವ್ಯಾಟ್‌ಅವರ್‌ನ ದೊಡ್ಡ ಬ್ಯಾಟರಿ ಹಾಕಿಸಿದ್ದೇನೆ. ಅದು ಕೆಳಗೆ ಉಬ್ಬಿಕೊಂಡಿರುವುದರಿಂದ ಲ್ಯಾಪ್‌ಟಾಪ್ ಹಿಂದೆ ಸ್ವಲ್ಪ ಎತ್ತರವಾಗಿ ನಿಲ್ಲುತ್ತದೆ. ನನ್ನ ಮಣಿಕಟ್ಟಿಗೆ ಅದೇ ಹಿತ.

ಹೊಸದರಲ್ಲಿ 8 ಜಿಬಿ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ, ಹೆಚ್ಚಿಸಲು ಬರಲ್ಲ. ಇದರಲ್ಲಿ ಎರಡು ಸ್ಲಾಟ್ ಇವೆ, 16 ಜಿಬಿ ಮಾಡಿಸಿದೆ.

ಹೊಸದೇ ಮೇಲು ಅನ್ನುವ ವಿಷಯಗಳೂ ಇವೆ. ಅದರ ಪರದೆಗೆ ಇದು ಸಾಟಿಯಲ್ಲ. ಹಗಲು ಹೊತ್ತು ಜಗಲಿಯಲ್ಲಿ ಕೂತರೆ ಟಿ480ರ ಪರದೆ ಮಂಕು. ಸ್ಪೀಕರ್ ಸಾಧಾರಣ. ದೊಡ್ಡ ಬ್ಯಾಟರಿಯೊಂದಿಗೆ ತೂಕ ಎರಡು ಕೆಜಿ ಹತ್ತಿರ ಬರುತ್ತದೆ. ಮಗಳು ಕಾಲೇಜಿಗೆ ಹೊತ್ತುಕೊಂಡು ಹೋಗಬೇಕು, ಟೈಪ್ ಮಾಡುವುದು ಇಂಗ್ಲಿಷ್. ಅವಳಿಗೆ ಹೊಸದೇ ಸರಿ.

ಹಳೆಯದು ತಗೊಳ್ಳುವವರು ಪ್ರೊಸೆಸರ್ ಇಂಟೆಲ್ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದೇ ಅಂತ ನೋಡಿಕೊಳ್ಳಿ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 7ನೇ ಜನರೇಷನ್ ಕೊಟ್ಟರೆ ವಿಂಡೋಸ್ 11 ಹಾಕಲು ಒದ್ದಾಡಬೇಕಾಗುತ್ತದೆ. ಪರದೆ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ್ದು), ಫುಲ್ ಎಚ್‌ಡಿ ಇರಲಿ. ಕಡಿಮೆ ಬೆಲೆಯವುಗಳಲ್ಲಿ 1366×768ರದ್ದೂ ಇರುತ್ತವೆ, ಒತ್ತಕ್ಷರ ಚಿಕ್ಕದಾದಾಗ ಅದರಲ್ಲಿ ಕಣ್ಣು ನೋಯುತ್ತದೆ.

ಹೊಸದೋ ಹಳೆಯದೋ, ಅಂಗಡಿಯಲ್ಲಿ ನುಡಿ ಇರಲ್ಲ. ಪರವಾಗಿಲ್ಲ. ನೋಟ್‌ಪ್ಯಾಡ್ ತೆರೆದು ಟಿ, ಎಫ್, ಟಿ, ಎಫ್ ಅಂತ ನಿಮ್ಮ ವೇಗದಲ್ಲೇ ಎರಡು ಸಾಲು ಹೊಡೆಯಿರಿ. ಎಲ್ಲಾದರೂ ಎರಡು ಟಿ ಅಕ್ಕಪಕ್ಕ ಬಂದಿದ್ದರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ.