ನಾರಿಹಳ್ಳವೋ ಸಾಣಾಪುರವೋ: ಮೂರು ದಿನದ ನಡಿಗೆಗೆ ಯಾವುದು ಸರಿ?

ಕಾಡು, ನೀರು, ಗುಡ್ಡ ಮೂರೂ ಇರಬೇಕು, ಗೈಡ್ ಜೊತೆ ಎರಡು ರಾತ್ರಿ ಮೂರು ಹಗಲು ನಡೆಯಬೇಕು ಎನ್ನುವವರಿಗೆ ನಮ್ಮ ಭಾಗದಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಬಳ್ಳಾರಿ ಜಿಲ್ಲೆಯ ಸಂಡೂರಿನ ತಾರಾನಗರದ ಬಳಿ ನಾರಿಹಳ್ಳ ಜಲಾಶಯದ ಸುತ್ತಲಿನದು. ಇನ್ನೊಂದು ಕೊಪ್ಪಳ ಜಿಲ್ಲೆಯದು: ಆನೆಗೊಂದಿ, ಸಾಣಾಪುರ ಕೆರೆ, ಕೊನೆಗೆ ಹಿರೇಬೆಣಕಲ್ ಗುಡ್ಡ. ದರೋಜಿ ಕರಡಿಧಾಮವನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿ ವೀಕ್ಷಣಾ ಗೋಪುರದಿಂದ ನೋಡಿ ಬರಬೇಕಷ್ಟೇ, ಒಳಗೆ ನಡೆಯುವಂತಿಲ್ಲ. ತುಂಗಭದ್ರಾ ಹಿನ್ನೀರಿನ ದಂಡೆ ನೆರಳಿಲ್ಲದ ಬಯಲು, ಹೆಜ್ಜೆ ಹೆಜ್ಜೆಗೂ ಕೆಸರು.

ಎರಡನ್ನೂ ನಡೆದು ನೋಡಿದ ಮೇಲೆ ನಮ್ಮ ಮಾತು ಇಷ್ಟು: ಸೆಪ್ಟೆಂಬರ್, ಅಕ್ಟೋಬರ್‌ನಲ್ಲಾದರೆ ಸಂಡೂರು, ಡಿಸೆಂಬರ್, ಜನವರಿಯಲ್ಲಾದರೆ ಸಾಣಾಪುರ. ತಿಂಗಳು ಅದಲುಬದಲಾದರೆ ಎರಡೂ ಕೆಡುತ್ತವೆ. 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿ, ನೋಡುವುದಾದರೆ ಸೆಪ್ಟೆಂಬರ್‌ನಲ್ಲಿ ನೋಡಿ ಎಂದರೆಂದು ಇಲ್ಲಿನವರು ಇಂದಿಗೂ ಹೇಳುತ್ತಾರೆ. ನಡೆಯುವವರಿಗೂ ಆ ಮಾತು ಸರಿಯೇ. ಮಳೆಗೆ ದಿಂಡಿಗ, ಕಕ್ಕೆ, ಬಿದಿರು ಹಸಿರಾಗಿರುತ್ತವೆ, ಹಳ್ಳಗಳಲ್ಲಿ ನೀರು ಹರಿಯುತ್ತಿರುತ್ತದೆ. ಡಿಸೆಂಬರ್ ಹೊತ್ತಿಗೆ ಅದೇ ಕಾಡಿನಲ್ಲಿ ಹುಲ್ಲು ಒಣಗಿ ಅದರ ಮುಳ್ಳು ಸಾಕ್ಸಿಗೆ ಚುಚ್ಚಿಕೊಳ್ಳುತ್ತದೆ, ತುರಿಕೆ ತರುವ ನಸುಗುನ್ನಿ ಬಳ್ಳಿಯ ಕಾಯಿ ಬಲಿತು ಅದರ ರೋಮ ಗಾಳಿಗೆ ಉದುರುತ್ತದೆ. ಅದು ಮೈಗೆ ತಾಗಿದರೆ ಉಜ್ಜಬೇಡಿ, ನೀರನ್ನೂ ಮೊದಲಿಗೇ ಹಾಕಬೇಡಿ. ಅಂಟು ಟೇಪ್ ಒತ್ತಿ ಕಿತ್ತರೆ ರೋಮ ಟೇಪಿಗೆ ಹತ್ತಿ ಬರುತ್ತದೆ, ಆಮೇಲೆ ಸೋಪು ಹಚ್ಚಿ ತೊಳೆಯಿರಿ.

ದೊಡ್ಡ ವ್ಯತ್ಯಾಸ ಇರುವುದು ಕಾಲಡಿಯ ನೆಲದಲ್ಲಿ. ಸಂಡೂರಿನದು ಕಬ್ಬಿಣದ ಅದಿರಿನ ಕೆಂಪು ನೆಲ. ಇಳಿಜಾರಿನಲ್ಲಿ ಅದಿರಿನ ಸಣ್ಣ ಕಲ್ಲುಗಳು ಗೋಲಿ ಉರುಳಿದಂತೆ ಕಾಲಡಿಯಿಂದ ಜಾರುತ್ತವೆ. ಬೀಳುವವರು ಬಹುಪಾಲು ಇಳಿಯುವಾಗಲೇ ಬೀಳುತ್ತಾರೆ, ಅದೂ ಹಿಮ್ಮಡಿ ಮೊದಲು ಊರಿ ಹಿಂದಕ್ಕೆ ವಾಲಿದಾಗ. ಮಂಡಿ ಸ್ವಲ್ಪ ಬಗ್ಗಿಸಿ, ಪಾದ ಅಡ್ಡ ತಿರುಗಿಸಿ, ಕೋಲನ್ನು ಇಳಿಜಾರಿನ ಕೆಳಬದಿಗೆ ಊರಿ ಸಣ್ಣ ಹೆಜ್ಜೆಯಲ್ಲಿ ಇಳಿಯಬೇಕು. ಆಳವಾದ ಹಲ್ಲುಗಳಿರುವ ಸೋಲ್ ಬೇಕು. ಮಳೆ ಬಿದ್ದ ಮರುದಿನ ಆ ಹಲ್ಲುಗಳ ಸಂದಿಯಲ್ಲೇ ಮಣ್ಣು ತುಂಬಿ ಶೂ ನುಣ್ಣಗಾಗುತ್ತದೆ. ಚೂಪಾದ ಕಡ್ಡಿಯೊಂದನ್ನು ಕೈಯಲ್ಲೇ ಇಟ್ಟುಕೊಂಡು ಆಗಾಗ ಕೆರೆಯಿರಿ.

ಸಾಣಾಪುರದ ಕಡೆ ಬರೀ ಗ್ರಾನೈಟ್ ಬಂಡೆ. ಒಣಗಿದ್ದಾಗ ಇಷ್ಟು ನಂಬಿಕೆಯ ನೆಲ ಬೇರೆ ಇಲ್ಲ, ಚಪ್ಪಟೆ ರಬ್ಬರ್ ಸೋಲ್ ಬಂಡೆಗೆ ಕಚ್ಚಿ ನಿಲ್ಲುತ್ತದೆ. ಆದರೆ ಬಂಡೆಯ ಮೇಲಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟಿಗಳನ್ನು ಗಮನಿಸಿ: ಮಳೆನೀರು ಹರಿದ ಜಾಡಿನಲ್ಲಿ ಬೆಳೆದ ಪಾಚಿ ಅದು. ಒಣಗಿದ್ದರೆ ತೊಂದರೆಯಿಲ್ಲ, ಒದ್ದೆಯಾದರೆ ಎಣ್ಣೆ. ಸೆಪ್ಟೆಂಬರ್ ಬೇಡ ಎನ್ನಲು ಇದೇ ಕಾರಣ. ಬೇಸಿಗೆ ಬೇಡವೆನ್ನಲು ಕಾರಣ ಬೇರೆ. ಬಂಡೆ ಹಗಲಿಡೀ ಕಾದು, ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಬಿಸಿಯುಗುಳುತ್ತದೆ. ಡಿಸೆಂಬರ್‌ನಲ್ಲೂ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ನೆರಳಿಗೆ ಸೇರಿ, ಮತ್ತೆ ಮೂರೂವರೆಗೆ ಏಳುವುದು ಒಳ್ಳೆಯದು.

ನೀರಿನ ಲೆಕ್ಕ ತಲೆಗೆ ಹಗಲಿಗೆ ಸಂಡೂರಿನಲ್ಲಿ 3 ಲೀಟರ್, ಬಂಡೆಗಳ ಕಡೆ 4 ಲೀಟರ್. ಸಂಡೂರಿನ ಹಳ್ಳದ ನೀರಿನಲ್ಲಿ ಕೆಂಪು ಹೂಳು ಇರುತ್ತದೆ, ನೇರ ಫಿಲ್ಟರಿಗೆ ಹಾಕಿದರೆ ಬೇಗ ಕಟ್ಟಿಕೊಳ್ಳುತ್ತದೆ. ರಾತ್ರಿ ಪಾತ್ರೆಯಲ್ಲಿ ತಿಳಿಯಾಗಲು ಬಿಟ್ಟು, ಬೆಳಿಗ್ಗೆ ಮೇಲಿನ ನೀರನ್ನು ನಾಲ್ಕು ಮಡಿಕೆ ಹತ್ತಿ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಸಾಣಾಪುರ ಕೆರೆಗೆ ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸುತ್ತ ಭತ್ತದ ಗದ್ದೆ. ಗದ್ದೆಗೆ ಹೊಡೆದ ಔಷಧಿ ಕುದಿಸಿದರೆ ಹೋಗುವುದಿಲ್ಲ. ಹಾಗಾಗಿ ಅಲ್ಲಿ ಕೆರೆ ನೀರು ಕುಡಿಯಲೇಬೇಡಿ, ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳಿ. ಈಜಲೂ ಇಳಿಯಬೇಡಿ. ನದಿಯಲ್ಲಿ ಮೊಸಳೆಗಳಿವೆ. ಕಾಲುವೆಯ ನೀರು ಮೇಲೆ ಶಾಂತವಾಗಿ ಕಂಡರೂ ಒಳಸೆಳೆತ ಜೋರು, ನುಣ್ಣನೆಯ ಇಳಿಜಾರು ಅಂಚಿನಲ್ಲಿ ಹಿಡಿದು ಹತ್ತಲು ಏನೂ ಸಿಗುವುದಿಲ್ಲ.

ಗೈಡ್ ವಿಷಯಕ್ಕೆ ಬಂದರೆ, ಸಂಡೂರಿನಲ್ಲಿ ಅವರಿಲ್ಲದೆ ಹೆಜ್ಜೆ ಇಡಬೇಡಿ. ಜಲಾಶಯ ತುಂಬಿದಾಗ ನೀರು ಕೊರಕಲುಗಳೊಳಕ್ಕೆ ನುಗ್ಗಿರುತ್ತದೆ. ದಂಡೆ ಹಿಡಿದೇ ಹೋದರೆ ಒಂದೊಂದು ಕೊರಕಲಿಗೂ ಒಳಗೆ ಹೋಗಿ ಹೊರಗೆ ಬರಬೇಕು, ಮ್ಯಾಪಿನಲ್ಲಿ ಒಂದು ಕಿಲೋಮೀಟರ್ ಎಂದು ಕಂಡದ್ದು ಕಾಲಿಗೆ ಮೂರಾಗುತ್ತದೆ. ಎಲ್ಲಿ ಮೇಲೆ ಹತ್ತಿ ಅಡ್ಡ ಹಾಯಬೇಕೆಂದು ಗೊತ್ತಿರುವುದು ಕುರಿ, ದನ ಮೇಯಿಸಿದವರಿಗೆ. ಇನ್ನೂ ಮುಖ್ಯವಾದದ್ದು ಗಣಿ. ಫೋನಿನಲ್ಲಿ ಕಾಣುವ ಹಳೆಯ ಕಾಲುದಾರಿ ಈಗ ಗಣಿಯ ಕಡಿದಾದ ಮೆಟ್ಟಿಲಿನ ಅಂಚಿಗೆ ಹೋಗಿ ನಿಂತಿರಬಹುದು. ಯಾವ ಗಣಿಯಲ್ಲಿ ಎಷ್ಟು ಹೊತ್ತಿಗೆ ಸ್ಫೋಟ, ಸೈರನ್ ಎಲ್ಲಿ ಕೇಳುತ್ತದೆ ಎಂದು ಹೇಳಬಲ್ಲವರನ್ನೇ ಗೊತ್ತು ಮಾಡಿ. ಒಪ್ಪುವ ಮೊದಲೇ ಈ ಪ್ರಶ್ನೆ ಕೇಳಿ, ತಡವರಿಸಿದರೆ ಬೇರೆಯವರನ್ನು ಹುಡುಕಿ. ಮೀಸಲು ಅರಣ್ಯದೊಳಗೆ ಕಾಲಿಡಲು ವಲಯ ಅರಣ್ಯಾಧಿಕಾರಿ ಕಚೇರಿಯ ಅನುಮತಿ ಬೇಕು. ರಾತ್ರಿ ಟೆಂಟ್ ಹಾಕುವ ಆಸೆ ಬಿಟ್ಟು ಸಂಡೂರಿನಲ್ಲೇ ತಂಗಿ: ಒಂದು ದಿನ ಜಲಾಶಯ, ಒಂದು ದಿನ ಕುಮಾರಸ್ವಾಮಿ ಗುಡ್ಡ ಮತ್ತು ಹರಿಶಂಕರ ದೇವಾಲಯ, ಕೊನೆಯ ದಿನ ಭೀಮಗಂಡಿ ಕಣಿವೆ. ಹೊರೆ ಹಗುರ, ಕರಡಿ ಚಿರತೆಗಳ ಚಿಂತೆಯೂ ಕಡಿಮೆ.

ಆನೆಗೊಂದಿ ಕಡೆ ಮೊದಲೆರಡು ದಿನ ದಾರಿ ತಾನೇ ತೋರುತ್ತದೆ: ಪಂಪಾ ಸರೋವರ, ಅಂಜನಾದ್ರಿಯ 575 ಮೆಟ್ಟಿಲು, ಕೆರೆಯ ಸುತ್ತಲಿನ ಬಂಡೆಗಳು. ಗೈಡ್ ಬೇಕಾಗುವುದು ಮೂರನೆಯ ದಿನ, ಹಿರೇಬೆಣಕಲ್‌ನ ಮೋರೇರ ಗುಡ್ಡಕ್ಕೆ. ಊರಿನಿಂದ ಎರಡೂವರೆ, ಮೂರು ಕಿಲೋಮೀಟರ್ ಏರು, ಮುಳ್ಳುಪೊದೆಗಳ ನಡುವೆ ಕವಲುಗಳು ಹಲವು. ಮೇಲೆ ನಾನೂರಕ್ಕೂ ಹೆಚ್ಚು ಶಿಲಾ ಸಮಾಧಿಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ನಿಂತ ಚಪ್ಪಡಿಗಳ ಮೇಲೆ ಮುಚ್ಚುಗಲ್ಲು, ಒಂದು ಬದಿಯ ಚಪ್ಪಡಿಯಲ್ಲಿ ಗುಂಡನೆಯ ಕಿಂಡಿ. ಕಲ್ಲನ್ನು ತೆಗೆದ ಜಾಗದಲ್ಲೇ ನೀರು ನಿಂತು ಕೆರೆಯಾಗಿದೆ. ಬಡಿದರೆ ನಗಾರಿಯಂತೆ ಮೊಳಗುವ ದೊಡ್ಡ ಗುಂಡೊಂದಿದೆ. ದಯವಿಟ್ಟು ಕಲ್ಲಿನಿಂದ ಅದನ್ನು ಜಜ್ಜಬೇಡಿ, ಮುಚ್ಚುಗಲ್ಲುಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ. ಒಂದು ಚಪ್ಪಡಿ ವಾಲಿದರೆ ಇಡೀ ಸಮಾಧಿ ಕುಸಿಯುತ್ತದೆ, ಮತ್ತೆ ಕಟ್ಟುವವರಿಲ್ಲ.

ಊಟಕ್ಕೆ ಎರಡೂ ಕಡೆ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ ಸಾಕು. ಮೂರು ದಿನ ಕೆಡುವುದಿಲ್ಲ.

ಮಕ್ಕಳು, ಮಂಡಿನೋವಿನವರು ಜೊತೆಗಿದ್ದರೆ ತಿಂಗಳನ್ನು ಹೊಂದಿಸಿಕೊಂಡು ಸಾಣಾಪುರಕ್ಕೇ ಹೋಗಿ. ಮೊದಲೆರಡು ದಿನ ಎಲ್ಲಿ ಬೇಕಾದರೂ ನಿಲ್ಲಿಸಿ ರಸ್ತೆಗೆ ಇಳಿದು ಆಟೊ ಹತ್ತಬಹುದು. ಸಂಡೂರಿನ ಕಾಡಿನಲ್ಲಿ ಅರ್ಧ ದಾರಿಯಲ್ಲಿ ಕಾಲು ಉಳುಕಿದರೆ ಅದೇ ಜಾರುಗಲ್ಲಿನ ಮೇಲೆ ಹೊತ್ತುಕೊಂಡೇ ಇಳಿಸಬೇಕು. ಅಲ್ಲಿಗೆ ನಾಲ್ವರಿಗಿಂತ ಕಡಿಮೆ ಜನ ಹೋಗಬೇಡಿ.