ಗೊಮ್ಮಟನನ್ನು ಅಶ್ಲೀಲ ಅನ್ನದ ಫಿಲ್ಟರ್ ಹುಡುಕಿ: ಬಳಸಿ ನೋಡಿದವರ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ಅಶ್ಲೀಲ ಚಿತ್ರಗಳನ್ನು ಹಿಡಿಯುವ ತಂತ್ರಾಂಶಗಳಲ್ಲಿ ನಮ್ಮ ಕೆಲಸಕ್ಕೆ ಒಗ್ಗಿದ್ದು ನ್ಯೂಡ್‌ನೆಟ್. ಪುಕ್ಕಟೆ ಸಿಗುತ್ತದೆ ಎಂಬುದು ಆಮೇಲಿನ ಮಾತು. ಈ ಚಿತ್ರವನ್ನು ಯಾಕೆ ತಡೆದೆ ಎಂದು ಕೇಳಿದರೆ ಅದರ ಹತ್ತಿರ ಉತ್ತರವಿದೆ, ಅದು ದೊಡ್ಡದು.

ಗೆಳೆಯರು ಸೇರಿ ನಡೆಸುವ ಜಾಲತಾಣ ನಮ್ಮದು. ದೇವಸ್ಥಾನ, ಬಸದಿ, ವೀರಗಲ್ಲು, ಜಾತ್ರೆ, ಯಾವುದರ ಫೋಟೋವನ್ನಾದರೂ ಯಾರು ಬೇಕಾದರೂ ಹಾಕಬಹುದು. ಹಾಗೆ ಬಾಗಿಲು ತೆರೆದಿಟ್ಟ ಕಡೆ ಬೇಡದ್ದೂ ಬಂದು ಬೀಳುತ್ತದೆ. ತಡೆಯಲೆಂದು ಮೊದಲು ದುಡ್ಡು ಕೊಟ್ಟು ತೆಗೆದುಕೊಂಡದ್ದು ದೊಡ್ಡ ಕಂಪನಿಯೊಂದರ ಕ್ಲೌಡ್ ಸೇವೆ. ಚಿತ್ರ ಕಳಿಸಿದರೆ ಅಶ್ಲೀಲ ಇರುವ ಸಾಧ್ಯತೆ ಹೆಚ್ಚೋ ಕಡಿಮೆಯೋ ಎಂದು ಒಂದು ಮಟ್ಟ ಹೇಳುತ್ತದೆ. ನಿಜವಾದ ಕೊಳಕನ್ನು ಹಿಡಿಯುವುದರಲ್ಲಿ ಅದನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ.

ತೊಡಕು ಶುರುವಾದದ್ದು ಶ್ರವಣಬೆಳಗೊಳದ ಚಿತ್ರಗಳಿಂದ. ಬೂದುಗಲ್ಲಾಗಿ ನಿಂತ ಗೊಮ್ಮಟನ ಫೋಟೋಗಳು ಬಹುಪಾಲು ದಾಟಿಹೋದವು. 2018ರ ಮಹಾಮಸ್ತಕಾಭಿಷೇಕದ ಫೋಟೋಗಳು ಮಾತ್ರ ಒಂದರ ಹಿಂದೊಂದು ಸಿಕ್ಕಿಬಿದ್ದವು. ಹಾಲು, ಎಳನೀರು ಸುರಿಯುವಾಗ ಏನೂ ಇಲ್ಲ. ಅರಿಶಿನ, ಶ್ರೀಗಂಧ ಇಳಿಯತೊಡಗಿದಾಗ 57 ಅಡಿಯ ಕಲ್ಲು ಮೈಬಣ್ಣಕ್ಕೆ ತಿರುಗುತ್ತದೆ, ಅಲ್ಲಿ ಸೇವೆ ಕೆಂಪು ದೀಪ ಹಚ್ಚುತ್ತದೆ. ಅದೇ ಫೋಟೋವನ್ನು ಕಪ್ಪುಬಿಳುಪು ಮಾಡಿ ಕಳಿಸಿದರೆ ಮಟ್ಟ ಇಳಿಯಿತು.

ಈ ಸಮಸ್ಯೆಗೆ ವಯಸ್ಸಾಗಿದೆ. 1996ರಲ್ಲಿ ಡೇವಿಡ್ ಫೋರ್ಸೈತ್ ಮತ್ತು ಸಂಗಡಿಗರು ಮಾಡಿದ ಪ್ರಯೋಗದಲ್ಲಿ ಕಂಪ್ಯೂಟರ್ ಮೊದಲು ಚರ್ಮದ ಬಣ್ಣದ ಜಾಗಗಳನ್ನು ಹುಡುಕಿ, ಅವು ಕೈಕಾಲುಗಳಂತೆ ಜೋಡಣೆಯಾಗುತ್ತವೆಯೇ ಎಂದು ನೋಡುತ್ತಿತ್ತು. ಈಗಿನ ನ್ಯೂರಲ್ ನೆಟ್‌ವರ್ಕ್‌ಗಳು ರಾಶಿ ರಾಶಿ ಚಿತ್ರ ನೋಡಿ ತಾವೇ ಕಲಿಯುತ್ತವೆ. ಆದರೂ ಅವು ಕಲಿಯುವುದು ಬಣ್ಣ ಮತ್ತು ಆಕಾರವನ್ನೇ. ಬಾಹುಬಲಿಯ ದಿಗಂಬರತ್ವ ತ್ಯಾಗದ ಗುರುತು ಎಂಬುದು ಪಿಕ್ಸೆಲ್‌ಗಳಲ್ಲಿ ಬರೆದಿರುವುದಿಲ್ಲ.

ಫೋಟೋ ಕಳಿಸಿದ ಹಿರಿಯರೊಬ್ಬರು ಫೋನ್ ಮಾಡಿ, "ಸ್ವಾಮಿಯ ಚಿತ್ರವನ್ನ ಅಶ್ಲೀಲ ಅಂತ ತೆಗೆದುಹಾಕಿದ್ದೀರಲ್ಲ, ಏನ್ರೀ ಇದು?" ಎಂದರು. ಅವರಿಗೆ ಬಹಳ ನೋವಾಗಿತ್ತು. ಹೇಳೋಣವೆಂದರೆ ಸೇವೆ ನನಗೆ ಕಾರಣವನ್ನೇ ಕೊಟ್ಟಿರಲಿಲ್ಲ. ಕಂಪನಿಗೆ ಬರೆದರೆ, ಯಾವ ಮಟ್ಟದಿಂದ ತಡೆಯಬೇಕೆಂಬ ಮಿತಿಯನ್ನು ಸಡಿಲಿಸಿ ಎಂಬ ಉತ್ತರ ಬಂತು. ಸಡಿಲಿಸಿದಾಗ ಗೊಮ್ಮಟನ ಬೆನ್ನಿಗೆ ಕೊಳಕೂ ಒಳಗೆ ಬಂತು. ಅಳತೆ ಒಂದೇ ಇದ್ದರೆ ಇವೆರಡನ್ನು ಬೇರೆ ಮಾಡುವ ದಾರಿಯಿಲ್ಲ.

ಯಾಹೂ 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಮಾದರಿಯೂ (ಮಾದರಿ ಎಂದರೆ ಹೀಗೆ ಚಿತ್ರ ನೋಡಿ ಕಲಿತ ನೆಟ್‌ವರ್ಕ್) ಇದೇ ಜಾತಿಯದು, 0ಯಿಂದ 1ರೊಳಗೆ ಒಂದು ಅಂಕ ಅಷ್ಟೆ. 0.8ರ ಮೇಲಿದ್ದರೆ ಬಹುತೇಕ ಅಶ್ಲೀಲ, 0.2ರ ಕೆಳಗಿದ್ದರೆ ಬಹುತೇಕ ಸುರಕ್ಷಿತ ಎಂದು ಮಾಡಿದವರೇ ಹೇಳಿದ್ದಾರೆ. ನನಗೆ ಉತ್ತರ ಬೇಕಿರುವುದು ಆ ನಡುವಿನ ಚಿತ್ರಗಳಿಗೆ.

ಎನ್‌ಎಸ್‌ಎಫ್‌ಡಬ್ಲ್ಯೂ-ಜೆಎಸ್ ಎಂಬ ಇನ್ನೊಂದು ಫಿಲ್ಟರ್ ಬ್ರೌಸರಿನಲ್ಲೇ ಓಡುತ್ತದೆ, ತಪಾಸಣೆಗೆಂದು ಚಿತ್ರ ಫೋನು ಬಿಟ್ಟು ಹೋಗುವುದಿಲ್ಲ. ಖಾಸಗಿತನಕ್ಕೆ ಚೆನ್ನ, ಆದರೆ ಬ್ರೌಸರಿನ ತಪಾಸಣೆಯನ್ನು ಬೇಕೆಂದವರು ತಪ್ಪಿಸಬಹುದು.

ನ್ಯೂಡ್‌ನೆಟ್ ಇಡೀ ಚಿತ್ರಕ್ಕೆ ತೀರ್ಪು ಕೊಡಲು ಹೋಗುವುದಿಲ್ಲ. ಮುಖ, ಹೊಟ್ಟೆ, ಕಂಕುಳು, ಪಾದ, ಗಂಡಸಿನ ಎದೆ, ಹೆಂಗಸಿನ ಎದೆ, ಜನನಾಂಗ ಎಂದು ಭಾಗ ಭಾಗವಾಗಿ ಗುರುತಿಸಿ, ಪ್ರತಿಯೊಂದರ ಸುತ್ತ ಚೌಕ ಎಳೆದು, ಎಷ್ಟು ಖಚಿತ ಎಂದು ಅಂಕ ಕೊಡುತ್ತದೆ. ಗಂಡಸಿನ ಎದೆ, ಹೊಟ್ಟೆ, ಪಾದಗಳನ್ನು ಲೆಕ್ಕದಿಂದ ತೆಗೆದೆ. ಗರಡಿಯ ಪೈಲ್ವಾನರೂ ಪಂಚೆಯುಟ್ಟ ಅರ್ಚಕರೂ ಈಗ ಸಲೀಸಾಗಿ ದಾಟುತ್ತಾರೆ. ಬೇಲೂರಿನ ಮದನಿಕೆ, ಕಾರ್ಕಳದ ಗೊಮ್ಮಟ ಈಗಲೂ ಆಗಾಗ ನಿಲ್ಲುತ್ತಾರೆ, ನಿಜ. ಆದರೆ ಚೌಕ ಕಣ್ಣೆದುರಿಗಿರುವುದರಿಂದ ಕಲ್ಲೋ ಮನುಷ್ಯರೋ ಎಂದು ನೋಡಿದ ಕೂಡಲೇ ತಿಳಿಯುತ್ತದೆ, ಬಿಟ್ಟುಬಿಡುತ್ತೇನೆ. ಅಲ್ಲಿಯವರೆಗೆ ಕಳಿಸಿದವರಿಗೆ "ಪರಿಶೀಲನೆಯಲ್ಲಿದೆ" ಎಂದಷ್ಟೇ ಕಾಣುತ್ತದೆ.

ಅದಕ್ಕೂ ಕೊರತೆಯಿದೆ. ಮಾಮೂಲಿ ಮಾದರಿ ಚಿತ್ರವನ್ನು 320 ಪಿಕ್ಸೆಲ್‌ಗೆ ಕುಗ್ಗಿಸಿ ನೋಡುತ್ತದೆ, ಕೊಲಾಜಿನ ಮೂಲೆಯಲ್ಲಿ ಅಡಗಿಸಿಟ್ಟದ್ದು ಮಾಯವಾಗುತ್ತದೆ. 640ರ ಮಾದರಿ ನಿಧಾನ, ಆದರೂ ನಾನು ಬಳಸುವುದು ಅದನ್ನೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಅಗ್ಗದ ಸರ್ವರಿನಲ್ಲೂ ಓಡುತ್ತದೆ.

ನಮಗೆ ಜಾಹೀರಾತಿಲ್ಲ, ಚಿತ್ರಕ್ಕಿಷ್ಟು ಎಂದು ದುಡ್ಡು ಕಟ್ಟುವ ಶಕ್ತಿಯಿಲ್ಲ. ರಾತ್ರಿ ಊಟವಾದ ಮೇಲೆ ಕೂತು, ಫಿಲ್ಟರ್ ತಡೆದ ಚಿತ್ರಗಳನ್ನು ನೋಡುವ ಅಭ್ಯಾಸ ನನಗಿದೆ. ದಿನಕ್ಕೆ ಸಾವಿರಾರು ಚಿತ್ರ ಬರುವ, ಮಕ್ಕಳು ಬಳಸುವ, ಕೂತು ನೋಡಲು ಯಾರೂ ಇಲ್ಲದ ತಾಣ ನಿಮ್ಮದಾದರೆ ಕ್ಲೌಡ್ ಸೇವೆಯನ್ನೇ ತೆಗೆದುಕೊಳ್ಳಿ, ಮಿತಿ ಬಿಗಿಯಾಗಿಯೇ ಇರಲಿ.